ಗೇಟಿನ ಮೇಲಿನ ಹಳದಿ ಕೋಟು

ಮಾವ,

ನೀನು ಇದನ್ನು ಓದುವುದಿಲ್ಲ ಅಂತ ಗೊತ್ತು. ಆದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನೀನೇ ನನ್ನನ್ನು ಕೆಲಸಕ್ಕೆ ಸೇರಿಸಿದ ಕಸಾಯಿಖಾನೆಯಲ್ಲಿ ಇವತ್ತು ಇಪ್ಪತ್ತಾರು ದನ ಒಂದೇ ಒಂದು ಏಟಿಲ್ಲದೆ ಲಾರಿಯಿಂದ ಇಳಿದವು!

ಎಂದಿನಂತೆ ಮೊದಲನೆಯದು ಇಳಿಜಾರು ಹಲಗೆಯ ತುದಿಯಲ್ಲೇ ನಿಂತುಬಿಟ್ಟಿತು. "ನಾಲ್ಕು ಬಾರಿಸಕ್ಕಾ" ಅಂದ ಡ್ರೈವರ್. ನಾನು ಕೋಲು ಮುಟ್ಟಲಿಲ್ಲ. ಲಾರಿ ಹತ್ತಿ, ಅದರ ಪಕ್ಕ ಬಗ್ಗಿ, ಅದು ನೋಡುತ್ತಿದ್ದ ಕಡೆಗೇ ನೋಡಿದೆ. ಗೇಟಿನ ಮೇಲೆ ನಿನ್ನ ಹಳದಿ ಮಳೆಕೋಟು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ನಿನ್ನ ಕಾಲದಿಂದಲೂ ಅದರ ಜಾಗ ಅದೇ. ನೀನು ತೀರಿಹೋದಮೇಲೆ ತೆಗೆಯಲು ನನಗೆ ಮನಸ್ಸು ಬಂದಿರಲಿಲ್ಲ.

ತೆಗೆದೆ, ಅಷ್ಟೇ. ನೆಂಟರ ಮನೆಗೆ ಬಂದವರ ಹಾಗೆ ಒಂದರ ಹಿಂದೊಂದು ಇಳಿದವು. "ಮಂತ್ರ ಗಿಂತ್ರ ಹಾಕಿದ್ಯೇನಕ್ಕಾ?" ಅಂತ ಡ್ರೈವರ್ ಬಾಯಿ ಬಿಟ್ಟ. ನಕ್ಕು ನಕ್ಕು ನನಗೆ ಸಾಕಾಯಿತು. ಮುಂದೇನು ಅಂತ ನನಗೂ ಗೊತ್ತು ಮಾವ. ಆದರೆ ಆ ಹತ್ತು ಹೆಜ್ಜೆಯಲ್ಲಿ ಭಯ ಇರಲಿಲ್ಲ.

ಕೋಲಿಲ್ಲದೆ ಇಳಿಯಲ್ಲ ಅಂತ ನೀನು, ಇಳಿಯುತ್ತೆ ಅಂತ ನಾನು, ಅದೇ ಗೇಟಿನ ಮುಂದೆ ಎಷ್ಟು ಕಿತ್ತಾಡಿದೆವು! ಕೊನೆಗೆ ಮಾತೂ ಬಿಟ್ಟೆವು. ಇಬ್ಬರೂ ಒಂದು ಸಲವೂ ತಲೆಯೆತ್ತಿ ಆ ಕೋಟನ್ನು ನೋಡಲಿಲ್ಲ.

ಕೋಟನ್ನು ಒಗೆದು ನನ್ನ ಕೋಣೆಯ ಬಾಗಿಲಿಗೆ ನೇತುಹಾಕಿದ್ದೇನೆ. ಇಲ್ಲಿ ಅದಕ್ಕೆ ಹೆದರುವವರು ಯಾರೂ ಇಲ್ಲ.