ಜಾರಿಹೋದ ಶಾಫ್ಟ್

ಮಾರ್ಚ್ ೮, ಶನಿವಾರ

ಇವತ್ತು ಕೆರೆಯ ದಡದಿಂದ ತುಸು ದೂರದಲ್ಲಿ, ಅಪ್ಪ ಕಟ್ಟಿದ್ದ ನಮ್ಮ ರಿಮೋಟ್ ದೋಣಿಯ ಮೋಟರಿಗೆ ಶಾಫ್ಟನ್ನು ಬಿಗಿದಿದ್ದ ಸ್ಕ್ರೂ ಸಡಿಲವಾಗಿ, ಪ್ರೊಪೆಲ್ಲರ್ ಸಮೇತ ಅದನ್ನು ತಿರುಗಿಸುವ ಆ ಸರಳೇ ಹಿಂದಕ್ಕೆ ಜಾರಿ ನೀರುಪಾಲಾಯಿತು. ಶಾಫ್ಟ್ ಹಾದುಹೋಗುವ ಕೊಳವೆ ಖಾಲಿಯಾಗಿ, ಅದರಿಂದ ನೀರು ನುಗ್ಗಿ ದೋಣಿ ಮುಳುಗತೊಡಗಿತು. ಅಕ್ಕ ಹಿಂದೆಮುಂದೆ ನೋಡದೆ ಇಳಿದೇಬಿಟ್ಟಳು. ಅವಳಿಗೆ ಈಜು ಬರುವುದಿಲ್ಲ!

"ಹಾಳಾಗಿ ಹೋಗ್ಲಿ, ವಾಪಸ್ ಬಾರೇ ಅಕ್ಕಾ!" ಎಂದು ಕಿರುಚಿದೆ.

ಕುತ್ತಿಗೆಮಟ್ಟ ನೀರಲ್ಲಿ ದೋಣಿ ಹಿಡಿದು, ನಡುಗುತ್ತಾ ಬಂದಳು. "ಅಪ್ಪನ ಕೈ ಈಗ ಅದುರುತ್ತೆ ಕಣೇ. ಇನ್ನೊಂದು ಕಟ್ಟೋಕಾಗಲ್ಲ."

ಸಂಜೆ ಹೊಸ ಶಾಫ್ಟ್ ಹಾಕಿ, ದೋಣಿಯ ಒಳಗೆ ಅದಕ್ಕೊಂದು ಉಂಗುರ ಬಿಗಿದೆ. ಸ್ಕ್ರೂ ಸಡಿಲವಾದರೂ ಉಂಗುರ ಕೊಳವೆಯ ಬಾಯಿಗೆ ಸಿಕ್ಕಿಕೊಂಡು ಶಾಫ್ಟನ್ನು ತಡೆಯುತ್ತದೆ. ಅಪ್ಪ ಇಕ್ಕಳದಿಂದ ಎಳೆದು ನೋಡಿ, "ಗಟ್ಟಿಯಾಗಿದೆ, ಮಲಗು" ಎಂದರು.

ನಾಳೆ ದೋಣಿ ಪಂದ್ಯ. ದೋಣಿ ಮುಳುಗಿದರೆ ಅಕ್ಕ ಮತ್ತೆ ಇಳಿಯುವವಳೇ. ನಿದ್ದೆ ಹತ್ತುತ್ತಿಲ್ಲ, ಎದ್ದು ಶಾಫ್ಟನ್ನು ಇನ್ನೊಮ್ಮೆ ಎಳೆದು ನೋಡಿ ಬರುತ್ತೇನೆ.