ಮಗಳನ್ನು ಇನ್ನು ಬಿಸಿಲಿಗೆ ಕಳಿಸಬೇಡಿ

ರೀ,

ಪಾಳಿ ಮುಗಿಸಿ ಬಂದವರು ಮಗಳು ಹಾಸಿಗೆಯಲ್ಲಿಲ್ಲವೆಂದು ಗಾಬರಿಯಾಗಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಊಟ ಮುಚ್ಚಿಟ್ಟಿದ್ದೇನೆ.

ಅವಳ ಕಾಯಿಲೆಯ ಹೆಸರು ಲೂಪಸ್ ಎಂದು ನಿನ್ನೆ ಡಾಕ್ಟರು ಹೇಳಿದರು. ಮೈಯನ್ನು ಕಾಯಬೇಕಾದ ಕಾವಲುಗಾರನೇ ಮನೆಯವರನ್ನು ಕಳ್ಳರೆಂದುಕೊಂಡು ಹೊಡೆಯುತ್ತಾನಂತೆ. "ನಮ್ಮ ಯಜಮಾನ್ರೂ ಕಾವಲುಗಾರರೇ ಡಾಕ್ಟ್ರೇ, ಆದ್ರೆ ಪಾಳೀಲಿ ನಿದ್ದೆ ಹೊಡೀತಾರೆ, ಯಾರಿಗೂ ತೊಂದ್ರೆ ಇಲ್ಲ" ಎಂದೆ. "ಇವಳ ಕಾವಲುಗಾರನಿಗೂ ಒಂಚೂರು ಮಂಪರು ಬರೋ ಹಾಗೆ ಮಾತ್ರೆ ಕೊಡೋಣಮ್ಮ" ಎಂದು ನಕ್ಕರು.

ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಹರಡಿದ ಕೆಂಪನ್ನು ನಿಮ್ಮ ಅಕ್ಕ ಹರೆಯದ ಕಳೆ ಎಂದರು. ಬೆಳಿಗ್ಗೆ ಬೆರಳು ಮಡಚಲಾಗದೆ ಒದ್ದಾಡಿದ್ದು ನಿಮಗೆ ಸೋಮಾರಿತನವಾಗಿ ಕಂಡಿತು. ಬಾಯಿಹುಣ್ಣು, ಉದುರುವ ಕೂದಲು, ಬಂದು ಹೋಗುವ ಜ್ವರ, ಎಲ್ಲಕ್ಕೂ ನಿಮ್ಮದು ಒಂದೇ ಮದ್ದು: "ಮಹಡಿ ಮೇಲೆ ಹೋಗಿ ಬಿಸಿಲು ಕಾಯಿಸ್ಕೋ ಮಗಳೇ." ಅವಳಿಗೆ ಆಗದಿರುವುದೇ ಬಿಸಿಲಂತೆ! ರೋಗಕ್ಕೆ ನಾವೇ ಚಾಪೆ ಹಾಸಿ ಕೂರಿಸಿದೆವು. ನಾನೂ ಸುಮ್ಮನಿದ್ದೆನಲ್ಲ.

ಅವಳ ಕಿಟಕಿಗೆ ದಪ್ಪ ಪರದೆ ಕಟ್ಟಿ.

ನಿಮ್ಮ ಅಕ್ಕನಿಗೆ ಫೋನ್ ಮಾಡಿ. ಇದು ಅಂಟುವ ರೋಗವಲ್ಲ, ಅವಳ ತಟ್ಟೆ ಬೇರೆ ಇಡಬೇಕಿಲ್ಲ ಎಂದು ಗಟ್ಟಿಯಾಗಿಯೇ ಹೇಳಿ.

ಈಗ ಪಾದ ಊದಿದೆ, ಮೂತ್ರ ನೊರೆನೊರೆಯಾಗಿ ಹೋಗುತ್ತಿದೆ. ಕಿಡ್ನಿಗೂ ಪೆಟ್ಟು ಬಿದ್ದಿದೆಯೇ ಎಂದು ಇವತ್ತು ಪರೀಕ್ಷೆ ಮಾಡುತ್ತಾರೆ. ನಿಮ್ಮ ಕರುಳು ನನಗೆ ಗೊತ್ತು. ಅಳುವುದಿದ್ದರೆ ಮನೆಯಲ್ಲೇ ಅತ್ತು ಮುಗಿಸಿ, ಮುಖ ತೊಳೆದುಕೊಂಡು ಬನ್ನಿ.

ಚಪ್ಪಲಿ ಮೆಟ್ಟುತ್ತಾ ಅವಳು ಕೇಳಿದ್ದು ಒಂದೇ ಮಾತು: "ಅಪ್ಪ ಬರ್ತಾರಾ?"

ಬರುತ್ತಾರೆ ಎಂದಿದ್ದೇನೆ.