ಅರ್ಧಕ್ಕೆ ಇಳಿಸಿದ ಗಂಬಳಿ

ಮಂಗಳವಾರ, ಮಧ್ಯಾಹ್ನ

ಅಕ್ಕಾ,

ಲಕೋಟೆಯ ಮೇಲೆ ನನ್ನ ಕೋಳಿಕಾಲಿನ ಅಕ್ಷರ ನೋಡಿ ನಿನ್ನ ಎದೆ ಧಸಕ್ಕೆಂದಿರಬೇಕು. ಅಮ್ಮ ಚೆನ್ನಾಗಿದ್ದಾಳೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಈಗ ಗೋಡೆ ಮೇಲೆ ಹರಿಯುವ ಇರುವೆಯೂ ಕಾಣುತ್ತದೆ, ನನ್ನ ಮುಖದ ಸುಕ್ಕೂ ಕಾಣುತ್ತದೆ. ಎರಡನ್ನೂ ಬಂದವರಿಗೆಲ್ಲ ತೋರಿಸುತ್ತಾಳೆ. ಐದು ವರ್ಷ ಒಂದು ಸಾಲು ಬರೆಯದವಳು ಈಗ ಯಾಕೆ ಬರೆಯುತ್ತಿದ್ದಾಳೆ ಅಂತ ನಿನಗೆ ಅನುಮಾನ ಬಂದಿದ್ದರೆ ಸರಿಯಾಗಿಯೇ ಬಂದಿದೆ. ನಿನ್ನ ವಿಳಾಸ ನಮ್ಮ ನೇಯ್ಗೆ ಮೇಸ್ತ್ರಿಯ ಹತ್ತಿರ ಇದೆ ಅನ್ನುವುದು ನನಗೆ ಗೊತ್ತಾದದ್ದು ನಿನ್ನೆ. ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ ಪುಣ್ಯಾತ್ಮ.

ಕಂಪನಿ ಬೆಳೆದಿದೆ ಅಕ್ಕ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಾವು ಮೂವರು ಒಂದೇ ಹಲಗೆಯ ಮೇಲೆ ಮೊಣಕೈ ತಿವಿದುಕೊಂಡು ಕೂತು ಗಂಟು ಹಾಕುತ್ತಿದ್ದೆವಲ್ಲ, ಆ ಕೆಲಸಕ್ಕೆ ಈಗ ಎರಡು ಶೆಡ್ಡುಗಳು ಸಾಲುತ್ತಿಲ್ಲ. ದೊಡ್ಡ ರಸ್ತೆಯಲ್ಲಿ ಮಳಿಗೆ ಇದೆ. ಒಂದೊಂದು ರತ್ನಗಂಬಳಿಗೂ ಒಂದೊಂದು ದೀಪ. ತೋರಿಸುವ ಹುಡುಗಿಯರಿಗೆ ಬಿಳಿ ಕೈಚೀಲ, ಥೂ, ಕೈಗವಸು. ನೋಡು, ಒಂದು ಪದವೂ ನೆಟ್ಟಗೆ ಬರುತ್ತಿಲ್ಲ. ಗಿರಾಕಿಗಳ ಮುಂದೆ ಗಂಬಳಿ ಅನ್ನಬಾರದು, ಕಲಾಕೃತಿ ಅನ್ನಬೇಕು ಅಂತ ನಾನೇ ಅವರಿಗೆ ಕಲಿಸಿದ್ದೇನೆ. ಅದನ್ನು ಕೇಳಿ ಅಮ್ಮ, ‘ಕಲಾಕೃತಿ ಮೇಲೆ ಕಾಲಿಟ್ಕೊಂಡು ಓಡಾಡ್ತಾರಾ? ಅವ್ರಿಗೆ ನಾಚ್ಕೆ ಆಗಲ್ವಾ?’ ಅಂದಳು. ಹುಡುಗಿಯರು ಗವಸಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು.

ಸುತ್ತಿ ಬಳಸಿ ಬರೆಯುತ್ತಿದ್ದೇನೆ, ನಿನಗೆ ಗೊತ್ತಾಗಿರುತ್ತದೆ. ವಿಷಯ ನಿನ್ನ ಮಗ್ಗದ್ದು.

ಹಳೇ ಕೋಣೆಯಲ್ಲಿ ಅದು ನೀನು ಬಿಟ್ಟುಹೋದ ಹಾಗೆಯೇ ಇತ್ತು. ಕಂಪನಿಯ ಪುಸ್ತಿಕೆಯಲ್ಲಿ ನಾನು ‘ತಾಯಿ ಮತ್ತು ಮಗಳ ಮಗ್ಗ’ ಅಂತ ಹಾಕಿಸಿ, ನೀನು ನೇಯುತ್ತಿದ್ದ ಗಂಬಳಿಯ ಮುಂದೆ ನಾನು ಕೂತು ಫೋಟೋ ತೆಗೆಸಿಕೊಂಡಿದ್ದೆನಲ್ಲ. ಅದನ್ನು ನೋಡಿದ ದಿನ ನೀನು ಸಾಲನ್ನು ಅರ್ಧಕ್ಕೇ ನಿಲ್ಲಿಸಿ, ಹಿಡಿಗೆ ಕೆಂಪು ನೂಲು ಸುತ್ತಿದ ನಿನ್ನ ಕತ್ತರಿಯನ್ನು ಮೊಳೆಗೆ ತಗುಲಿಹಾಕಿ ಹೊರಟುಹೋದೆ. ಗಂಬಳಿಯಲ್ಲಿ ನಿನ್ನ ಮರ ಬೆಳೆದಿತ್ತು, ಕೆಳಗಿನ ಕೊಂಬೆಗಳೂ ಬಂದಿದ್ದವು. ಹಕ್ಕಿಗಳೂ ಆಕಾಶವೂ ಬಾಕಿ. ಮೇಲೆ ಇನ್ನೂ ಗಂಟು ಬೀಳದ ಬರೀ ಬಿಳಿ ಹಾಸು ನೂಲು. ಅಮ್ಮ ಯಾರನ್ನೂ ಆ ಹಲಗೆಯ ಮೇಲೆ ಕೂರಲು ಬಿಡಲಿಲ್ಲ. ಅವಳ ಕಣ್ಣು ಮಂಜಾದ ಮೇಲೂ ಬೆಳಿಗ್ಗೆ ಎದ್ದು ಮೊದಲು ಅಲ್ಲಿಗೇ ಹೋಗಿ ಧೂಳು ಒರೆಸುತ್ತಿದ್ದಳು. ನಮ್ಮ ಮನೆಯ ಕಟ್ಟಳೆ ನಿನಗೆ ಹೇಳಬೇಕೇ? ಮೊದಲ ಗಂಟು ಹಾಕಿದ ಕೈಯೇ ಗಂಬಳಿಯನ್ನು ಮಗ್ಗದಿಂದ ಕತ್ತರಿಸಿ ಇಳಿಸಬೇಕು, ಅದೂ ತನ್ನದೇ ಕತ್ತರಿಯಿಂದ. ನೀನೇ ಬಂದು ಮುಗಿಸಿ ಇಳಿಸಲಿ ಅಂತ ಅಮ್ಮ ಕಾಯುತ್ತಿದ್ದಳು.

ಅಮ್ಮ ಆಸ್ಪತ್ರೆಯಲ್ಲಿದ್ದ ವಾರ ಒಬ್ಬ ಹೆಂಗಸು ಬಂದಿದ್ದಳು. ದೊಡ್ಡ ಹೋಟೆಲುಗಳ ಒಳಾಂಗಣ ಅಲಂಕರಿಸುವವಳು. ಮಳಿಗೆಯಲ್ಲಿ ಹಾಸಿದ್ದು ಯಾವುದೂ ಅವಳ ಕಣ್ಣಿಗೆ ಹತ್ತಲಿಲ್ಲ. ಹಳೇ ಕೋಣೆ ತೋರಿಸಿ ಅಂದಳು, ತೋರಿಸಿದೆ. ನಿನ್ನ ಮರದ ಮುಂದೆ ನಿಂತವಳು ಅಲ್ಲಾಡಲಿಲ್ಲ. ಇದನ್ನು ಹೀಗೇ, ಅರ್ಧಕ್ಕೇ, ನೂಲು ಇಳಿಬಿದ್ದ ಹಾಗೆಯೇ ಹೋಟೆಲಿನ ಬಾಗಿಲೆದುರು ಗಾಜಿನೊಳಗೆ ನಿಲ್ಲಿಸುತ್ತೇನೆ ಅಂದಳು. ಇದು ಕೊಟ್ಟರೆ ಆ ಹೋಟೆಲಿನ ಎಲ್ಲ ಮಹಡಿಗಳ ಕೆಲಸವೂ ನಿಮ್ಮದೇ ಅಂದಳು. ನಾನು ಮೊದಲು ಆಗುವುದಿಲ್ಲ ಅಂದೆ ಅಕ್ಕ, ಇದನ್ನಾದರೂ ನಂಬು. ನೇಯ್ದವರು ಯಾರು ಅಂತ ಕೇಳಿದಳು. ನಾನೇ ಅಂದೆ.

ಹಾಗಂದ ಮೇಲೆ ಇನ್ನು ತಡೆಯುವುದಕ್ಕೆ ಏನಿತ್ತು?

ಮೇಸ್ತ್ರಿಯನ್ನು ಕರೆದೆ. ‘ಇದು ದೊಡ್ಡಕ್ಕನ ಕೈ. ನಾನು ಮುಟ್ಟಲ್ಲ, ಬೇಕಾದ್ರೆ ನನ್ನ ಕೆಲ್ಸದಿಂದ ತೆಗೀರಿ’ ಅಂದು ಹೊರಗೆ ಹೋಗಿ ನಿಂತ. ನಿನ್ನ ಕತ್ತರಿಯನ್ನಾದರೂ ಬಳಸೋಣ ಅಂತ ನೋಡಿದೆ. ಮೊಳೆಯಲ್ಲಿ ಇರಲಿಲ್ಲ. ಯಾರೋ ಕೆಲಸದವಳು ಒಯ್ದಿರಬೇಕು ಅಂದುಕೊಂಡು ಹುಡುಕಲೂ ಹೋಗಲಿಲ್ಲ. ಆಫೀಸಿನಲ್ಲಿ ಪಾರ್ಸೆಲ್ ಬಿಚ್ಚುವ ಕತ್ತರಿ ತಂದು ಕತ್ತರಿಸಿದೆ. ಅದಕ್ಕೆ ಅಂಟು ಮೆತ್ತಿಕೊಂಡಿತ್ತು, ನೂಲು ಸರಿಯಾಗಿ ತುಂಡಾಗಲಿಲ್ಲ, ಅಲ್ಲಲ್ಲಿ ಎಳೆದು ಹರಿದೆ. ನಿನ್ನ ಮರ ನನ್ನ ಮಡಿಲಿಗೆ ಬಿತ್ತು. ಎಷ್ಟು ಭಾರ ಇತ್ತೆಂದರೆ ಕೂತಲ್ಲಿಂದ ಏಳಲು ಆಗಲಿಲ್ಲ. ಆ ಹೋಟೆಲಿನ ಗೋಡೆಯ ಮೇಲೆ ಈಗ ಅದರ ಪಕ್ಕದಲ್ಲಿ ನನ್ನ ಫೋಟೋ ಇದೆ.

ಇದು ಪೂರ್ತಿ ಅಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ.

ಅಮ್ಮ ಮನೆಗೆ ಬಂದಳು. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಬಟ್ಟೆಚೀಲ. ಕಾಫಿಯನ್ನೂ ಕುಡಿಯದೆ ನೇರ ಹಳೇ ಕೋಣೆಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ. ಖಾಲಿ ಮಗ್ಗದ ಮುಂದೆ ನಿಂತು, ನನ್ನ ಕಡೆ ತಿರುಗಿ, ‘ಅವ್ಳು ಬಂದಿದ್ಲಾ?’ ಅಂತ ಕೇಳಿದಳು.

‘ಹೂಂ’ ಅಂದೆ.

ಅಷ್ಟೇ ಅಕ್ಕ. ಒಂದು ‘ಹೂಂ’. ಆಮೇಲೆ ಅದನ್ನು ಸಾಕಿದೆ. ಅಮ್ಮ ದಿನಾ ಕೇಳುತ್ತಾಳೆ, ನಾನು ದಿನಾ ಒಂದೊಂದು ಸುಳ್ಳು ಹೇಳುತ್ತೇನೆ. ತೆಳ್ಳಗಾಗಿದ್ಲಾ? ಸ್ವಲ್ಪ. ಕೂದ್ಲು? ಬೆಳ್ಳಗಾಗಿದೆ, ಕಿವಿಯ ಹತ್ತಿರ. ಯಾವ ಬಟ್ಟೆ ಹಾಕ್ಕೊಂಡಿದ್ಲು? ಹಸಿರು ಸ್ವೆಟರು. ಊಟ ಮಾಡಿದ್ಲಾ? ಮಾಡಿದಳು, ಎರಡು ಸಲ ಬಡಿಸಿಕೊಂಡಳು. ಯಾವ ಕತ್ತರೀಲಿ ಇಳಿಸಿದ್ಲು? ತನ್ನದರಲ್ಲೇ ಅಮ್ಮ, ಕೆಂಪು ನೂಲಿನದು, ಮೊಳೆಯಿಂದ ತೆಗೆದುಕೊಂಡಳು. ‘ಓ, ಸರಿ’ ಅಂದಳು. ತನ್ನ ಮನೆಗೆ ಒಯ್ದು ಅಲ್ಲೇ ಮುಗಿಸುತ್ತಾಳಂತೆ ಅಂತ ನಾನೇ ಸೇರಿಸಿದೆ. ಒಮ್ಮೆ ಇಳಿಸಿದ ಗಂಬಳಿಯನ್ನು ಮತ್ತೆ ಮಗ್ಗಕ್ಕೇರಿಸಿ ಮುಗಿಸಲು ಯಾರಿಂದ ಸಾಧ್ಯ? ನಾನು ನೇಯುವುದನ್ನು ಬಿಟ್ಟು ಎಷ್ಟು ದಿನವಾಯಿತು ಅನ್ನುವುದು ಆ ಮಾತಿನಲ್ಲೇ ಗೊತ್ತಾಗುತ್ತದೆ. ಅಮ್ಮ ಅದಕ್ಕೂ ತಲೆಯಾಡಿಸಿದಳು.

ಈಗ ಶೆಡ್ಡಿನ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ, ನಮ್ಮ ದೊಡ್ಡವಳು ಬಂದಿದ್ದಳು ಅಂತ. ಹೇಳುವಾಗ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾಳೆ. ಮೇಸ್ತ್ರಿ ನೆಲ ನೋಡುತ್ತಾ ನಿಂತಿರುತ್ತಾನೆ. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತದೆ. ಮೊನ್ನೆ ಅಂಗಳದಲ್ಲಿ ಹಳೇ ಹಂಡೆ ಇಟ್ಟು, ನಿನ್ನ ಆಕಾಶಕ್ಕೆ ಬೇಕಾಗುತ್ತದೆ ಅಂತ ತಾನೇ ಉಣ್ಣೆಗೆ ನೀಲಿ ಹಾಕಿದಳು. ಅವಳ ಬೆರಳೆಲ್ಲ ನೀಲಿ. ನಾನೊಬ್ಬಳು ಇದ್ದೆ ನೋಡು, ಬ್ಯಾಂಕಿನವರ ಎದುರು ಕೂರುವ ಮುಂಚೆ ಆ ನೀಲಿಯನ್ನು ಕಲ್ಲಿನಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದವಳು. ಈಗ ತೊಳೆಯಲು ನನ್ನ ಕೈಯಲ್ಲಿ ಬಣ್ಣವೇ ಇಲ್ಲ.

ನಿನ್ನೆ ಅಮ್ಮನೇ ಮೇಸ್ತ್ರಿಯನ್ನು ಕೂರಿಸಿಕೊಂಡು ವಿಳಾಸ ಕಕ್ಕಿಸಿದಳು. ‘ಅವ್ಳಿಗೊಂದು ಪತ್ರ ಬರಿ, ಉಣ್ಣೆ ಜೊತೆ ಕಳ್ಸೋಣ’ ಅಂತ ನನಗೆ ಹೇಳಿದಳು. ನಿನಗೆ ನಿಜ ಹೇಳಲಿಕ್ಕೆ ನಾನು ಪೆನ್ನು ಹಿಡಿಯಲಿಲ್ಲ ಅಕ್ಕ. ನಿನ್ನ ಬಾಯಲ್ಲೂ ಸುಳ್ಳು ಹೇಳಿಸಲು ಹಿಡಿದೆ. ‘ಹೌದಮ್ಮ, ಬಂದಿದ್ದೆ’ ಅಂತ ನೀನು ಒಂದು ಸಾಲು ಬರೆದುಬಿಟ್ಟರೆ ಸಾಕಿತ್ತು. ಅಮ್ಮನ ಸಂತೋಷ ಹಾಳಾಗಬಾರದು ಅಂತ ನೆಪವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಬರೆಯುತ್ತಾ ಬರೆಯುತ್ತಾ ಹಸಿರು ಸ್ವೆಟರಿನ ಹತ್ತಿರ ಬಂದಾಗ ಕೈ ನಿಂತಿತು. ನೀನು ಈಗ ಹೇಗಿದ್ದೀಯ ಅಂತ ನನಗೆ ಒಂದಿಷ್ಟೂ ಗೊತ್ತಿಲ್ಲ. ನನ್ನ ಅಕ್ಕನ ಕೂದಲು ಬೆಳ್ಳಗಾಗಿದೆಯೋ ಇಲ್ಲವೋ ಅಂತ ನಾನು ಊಹಿಸಿ ಹೇಳಬೇಕಾಯಿತು.

ಹಾಗಾಗಿ ಆ ಸಾಲು ಬರೆಯಬೇಡ. ನಿನಗೆ ಕೋಪ ಬಂದರೆ ನನ್ನನ್ನು ಬೈದು ಬರಿ, ನಾಲ್ಕು ಹಾಳೆ ಬರಿ. ಆದರೆ ಅಮ್ಮನನ್ನು ನೋಡಲು ಬಾ. ನಾನು ಇರಬಾರದು ಅಂದರೆ ಮಳಿಗೆಯಲ್ಲೇ ಮಲಗುತ್ತೇನೆ, ಅಲ್ಲಿ ಹಾಸಿಕೊಳ್ಳಲು ಕಲಾಕೃತಿಗಳಿಗೆ ಬರವಿಲ್ಲ. ಅಮ್ಮನಿಗೆ ನಿಜ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಈ ಲಕೋಟೆ ಅಂಚೆಗೆ ಹೋದ ಮೇಲಾದರೂ ಬರಬಹುದು.

ಮುಖ ತೋರಿಸಲಾಗದ ನಿನ್ನ ತಂಗಿ,
ವಟವಟಿ

ತಾ.ಕ.: ಲಕೋಟೆಯನ್ನು ಉಣ್ಣೆಯ ಕಟ್ಟಿನೊಳಗೆ ಇಡಲು ಹೋದೆ. ಅಮ್ಮ ಕಟ್ಟು ಹೊಲಿಯುತ್ತಿದ್ದಳು. ‘ತಾಳು, ಇದೂ ಅವ್ಳಿಗೆ ಹೋಗ್ಲಿ’ ಅಂತ ಆಸ್ಪತ್ರೆಗೆ ಒಯ್ದಿದ್ದ ಬಟ್ಟೆಚೀಲದಿಂದ ಏನೋ ತೆಗೆದು ನನ್ನ ಕೈಗೆ ಕೊಟ್ಟಳು. ನಿನ್ನ ಕತ್ತರಿ, ಕೆಂಪು ನೂಲು ಸುತ್ತಿದ್ದು. ತಾನಿಲ್ಲದಾಗ ಯಾರಾದರೂ ಎತ್ತಿಕೊಂಡು ಹೋದಾರು ಅಂತ ಜೊತೆಗೇ ಒಯ್ದು, ಅಷ್ಟೂ ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳಂತೆ. ಖಾಲಿ ಮಗ್ಗದ ಮುಂದೆ ನಿಂತು ‘ಅವ್ಳು ಬಂದಿದ್ಲಾ’ ಅಂತ ಕೇಳಿದಾಗಲೂ ಅದು ಅವಳ ಕೈಯ ಚೀಲದಲ್ಲೇ ಇತ್ತು.

ನಾನು ಕತ್ತರಿ ಹಿಡಿದು ನಿಂತೇ ಇದ್ದೆ. ಅಮ್ಮ ಸೂಜಿಗೆ ದಾರ ಪೋಣಿಸುತ್ತಾ, ತಲೆಯೆತ್ತದೆ, ದಿನಾ ಕೇಳುವ ಹಾಗೆಯೇ ಕೇಳಿದಳು, ‘ಆವತ್ತು ಬಂದಾಗ ಅವ್ಳು ಊಟ ಮಾಡಿದ್ಲಾ?’

‘ಅವಳು ಬಂದಿರ್ಲಿಲ್ಲ ಅಮ್ಮ’ ಅಂದೆ.

ಅವಳು ಸೂಜಿ ಕೆಳಗಿಟ್ಟಳು. ‘ಹಾಗಾದ್ರೆ ಅದನ್ನೂ ಬರಿ’ ಅಂದಳು. ಬರೆದಿದ್ದೇನೆ.